ಬಿಟ್ಟಿ ಬ್ರಹ್ಮಾಂಡದ ಮೂರನೇ ನಿಯಮ

ಜೂನ್ ೪, ಬುಧವಾರ

ಮನೆಯಲ್ಲಿ ಕೂತು ಕೆಲಸ ಮಾಡುವವನನ್ನು ಜಗತ್ತು ಕೆಲಸವಿಲ್ಲದವನೆಂದೇ ತಿಳಿದಿದೆ. ಬೆಳಿಗ್ಗೆ ಅಕ್ಕ ಫೋನು ಮಾಡಿ, "ನೀನು ಹೇಗೂ ಮನೇಲೇ ಇರ್ತೀಯಲ್ಲ" ಎಂದು ಶುರು ಮಾಡಿದಳು. ಹೀಗೆ ಶುರುವಾದ ಯಾವ ಮಾತೂ ಇದುವರೆಗೆ ನನ್ನ ಲಾಭಕ್ಕೆ ಮುಗಿದಿಲ್ಲ.

ವಿಷಯ ಇಷ್ಟು. ಭಾವನ ಬಲಗಣ್ಣಿನ ಒಳಪರದೆ ಕಿತ್ತು ಬಂದಿದೆ, ಗೋಡೆಗೆ ಅಂಟಿಸಿದ ಕಾಗದ ಎದ್ದು ಬರುವ ಹಾಗೆ. ಆಪರೇಷನ್ ಮಾಡಿ ಮತ್ತೆ ಅಂಟಿಸಿದ್ದಾರೆ. ಅದು ಜಾರದಂತೆ ಒತ್ತಿ ಹಿಡಿಯಲು ಕಣ್ಣೊಳಗೆ ಅನಿಲದ ಒಂದು ಗುಳ್ಳೆ ತುಂಬಿದ್ದಾರೆ. ಗುಳ್ಳೆ ಮೇಲಕ್ಕೆ ತೇಲುತ್ತದೆ, ಪರದೆ ಇರುವುದು ಕಣ್ಣಿನ ಹಿಂಭಾಗದಲ್ಲಿ. ಆದ್ದರಿಂದ ಹಿಂಭಾಗವೇ ಮೇಲಾಗುವಂತೆ ಭಾವ ಬೋರಲು ಮಲಗಿರಬೇಕು. ಉಣ್ಣಲು, ಬಚ್ಚಲಿಗೆ ಹೋಗಲು ಮಾತ್ರ ಬಿಡುವು. ವಾರಗಟ್ಟಲೆ.

ಎಡಗಣ್ಣು ಅವರಿಗೆ ಮೊದಲಿನಿಂದಲೂ ಮಂದ. ಬಲಗಣ್ಣು ಹೋದರೆ ಸ್ವಂತ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಕೆಲಸವೂ ಹೋಯಿತು. ಸದ್ಯಕ್ಕೆ ಅಕ್ಕನೇ ಕಾರಿನಲ್ಲಿ ಕೂತು ವಿದ್ಯಾರ್ಥಿಗಳಿಗೆ ಕಲಿಸುತ್ತಾಳಂತೆ. ನಾನು ಭಾವನ ಜೊತೆ ಇರಬೇಕಂತೆ.

ಭಾವನಿಗೂ ನನಗೂ ಮಾತಿದೆ, ಆದರೆ ಅದು ಅಕ್ಕನ ಮೂಲಕ ಹಾದು ಬರುತ್ತದೆ. "ಅವನಿಗೆ ಹೇಳು, ಅನ್ನ ಹಾಕಿಸ್ಕೋ ಅಂತ." "ಅವರಿಗೆ ಹೇಳಕ್ಕಾ, ಸಾಕು ಅಂತ." ಒಂದು ಕಾಲಕ್ಕೆ ಅವರು ನನಗೆ ಕಾರು ಕಲಿಸಿದ್ದರು. ಕಲಿಸಿದ್ದರು ಎನ್ನುವುದು ದೊಡ್ಡ ಮಾತು. ಅವರ ಕಡೆಯೂ ಒಂದು ಬ್ರೇಕ್ ಇತ್ತು, ನಾನು ಓಡಿಸಿದ್ದಕ್ಕಿಂತ ಅವರು ಅದನ್ನು ಒತ್ತಿದ್ದೇ ಹೆಚ್ಚು. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಮಣ್ಣು ಮುಕ್ಕಿದೆ. ಕೊನೆಯ ಸಲ ಎದುರಿಗೆ ಬಸ್ಸು ಬಂದಾಗ ನಾನು ಕಣ್ಣು ಮುಚ್ಚಿಕೊಂಡೆನಂತೆ. ನಿಜವೋ ಸುಳ್ಳೋ ನನಗೆ ಕಾಣಲಿಲ್ಲ, ಕಣ್ಣು ಮುಚ್ಚಿತ್ತು. ಅವತ್ತು ಅವರು ಇಡೀ ಬ್ಯಾಚಿನ ಮುಂದೆ ಹೇಳಿದರು: "ಇವನನ್ನ ಉಯ್ಯಾಲೆ ಮೇಲೂ ಕೂರಿಸಬೇಡ್ರಪ್ಪಾ."

ಈಗ ಅವರು ಬೋರಲು ಮಲಗಿದ್ದಾರೆ. ಪಾಪ ಅನ್ನಿಸಬೇಕಿತ್ತು. ಪ್ರಯತ್ನ ಮಾಡಿದೆ, ಬರಲಿಲ್ಲ.

ಜೂನ್ ೬, ಶುಕ್ರವಾರ

ಅಕ್ಕನ ಮನೆಗೆ ಬಂದು ಬಿದ್ದೆ. ಇಲ್ಲಿನ ಇಂಟರ್ನೆಟ್ ತೆವಳುತ್ತದೆ. ಒಂದು ಪುಟ ತೆರೆಯುವಷ್ಟರಲ್ಲಿ ಕಾಫಿ ಮಾಡಿ ಕುಡಿದು ಲೋಟವನ್ನೂ ತೊಳೆದಿಡಬಹುದು.

ಭಾವ ಮಂಚದ ತುದಿಗೆ ತಲೆ ಚಾಚಿ, ನಡುವೆ ತೂತಿರುವ ದಿಂಬಿನಲ್ಲಿ ಮುಖ ಹುದುಗಿಸಿ ಮಲಗಿದ್ದಾರೆ. ತೂತಿನ ಕೆಳಗೆ, ನೆಲದ ಮೇಲೆ, ಹಳೆಯ ಕಾರಿನಿಂದ ಬಿಚ್ಚಿದ ಕನ್ನಡಿ. ಹಿಂದಿನ ಗಾಡಿ ನೋಡಲು ಇರುತ್ತದಲ್ಲ, ಅದು. ಬಾಗಿಲಿನಿಂದ ಯಾರು ಬಂದರೂ ಅವರಿಗೆ ಕಾಣಬೇಕಂತೆ. ನಾನು ಕುರ್ಚಿಯಲ್ಲಿ ಕೂತರೆ ನೆಲದಿಂದ ಒಂದು ಕಣ್ಣು ನನ್ನನ್ನು ದಿಟ್ಟಿಸುತ್ತದೆ. ಮನುಷ್ಯ ಮಲಗಿದಲ್ಲಿಂದಲೂ ಪರೀಕ್ಷೆ ನಡೆಸುತ್ತಾರೆ.

ನನ್ನ ಕೆಲಸ ಹೇಗಾದರೂ ನಡೆಯುತ್ತದೆ. ಬಟ್ಟೆ ಒಗೆಯುವ ಯಂತ್ರದ ಕಂಪನಿಗೆ ಬರುವ ದೂರುಗಳಿಗೆ ಉತ್ತರ ಬರೆಯುವುದು. "ತಮಗಾದ ಅನಾನುಕೂಲಕ್ಕೆ ತೀವ್ರವಾಗಿ ವಿಷಾದಿಸುತ್ತೇವೆ." ದಿನವಿಡೀ ಇಷ್ಟು ವಿನಯ ಉಗುಳಿದ ಮೇಲೆ ಒಳಗೆ ಉಳಿದ ವಿಷಕ್ಕೂ ಒಂದು ದಾರಿ ಬೇಕು. ಅದಕ್ಕೆಂದೇ ‘ಬಿಟ್ಟಿ ಬ್ರಹ್ಮಾಂಡ’ ಇದೆ.

ಬಿಟ್ಟಿ ಬ್ರಹ್ಮಾಂಡ ನಾನು ಕಟ್ಟಿದ ಓದುಗರ ಗುಂಪು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಮಾಯಾಲೋಕದ ಕಾದಂಬರಿ, ವೈಜ್ಞಾನಿಕ ಕಾದಂಬರಿಗಳನ್ನು ಓದಿ ಒಬ್ಬರಿಗೊಬ್ಬರು ಶಿಫಾರಸು ಮಾಡುವವರು. ಕೈಯಿಂದ ಬಿಡಿಗಾಸು ಬಿಚ್ಚದೆ ಇಡೀ ಗ್ಯಾಲಕ್ಸಿ ಬೇಕು ಎನ್ನುವ ಜನ. ನನ್ನ ಹೆಸರು ಅಲ್ಲಿ ‘ಕತ್ತರಿ’. ನಿಯಮ ಮೂರು. ಒಂದು, ಕಾದಂಬರಿ ಪುಕ್ಕಟೆಯಾಗಿರಬೇಕು. ಎರಡು, ತಾನೇ ಬರೆದದ್ದನ್ನು ತಾನೇ ಹೊಗಳಬಾರದು. ಮೂರು, ಲೇಖಕ ಅರ್ಧಕ್ಕೆ ಕೈಬಿಟ್ಟ ಕಾದಂಬರಿಯನ್ನು ಶಿಫಾರಸು ಮಾಡಬಾರದು. ಮಾಡಿದರೆ, ಮಾಡಿದವರೇ ಅದರ ಅಂತ್ಯ ಬರೆದು ಗುಂಪಿನ ಮುಂದೆ ಹಾಕಬೇಕು.

ಮೂರನೆಯದು ನನ್ನ ಬುದ್ಧಿಯ ಕೂಸು. ಇದುವರೆಗೆ ದಂಡ ಕಟ್ಟಿದವರಲ್ಲಿ ನನಗೆ ಇಷ್ಟವಾದವರು ಡ್ರ್ಯಾಗನ್ ಮೇಷ್ಟ್ರು. ಅವರ ಅಂತ್ಯ ಹೀಗಿತ್ತು: "ಎಲ್ಲರೂ ಸತ್ತರು. ಡ್ರ್ಯಾಗನ್ ಬದುಕಿತು."

ಜೂನ್ ೭, ಶನಿವಾರ

ಭಾವನಿಗೆ ಟೀವಿ ಇಲ್ಲ, ಫೋನಿಲ್ಲ. ರೇಡಿಯೊ ಹಾಕಿದರೆ "ಇವನ ಗಂಟಲಿಗೆ ಮೊದಲು ಆಯಿಲ್ ಬಿಡಿ" ಎನ್ನುತ್ತಾರೆ. ನನಗೋ ಈ ತಿಂಗಳ ಶಿಫಾರಸಿಗೆ ಓದುವ ಕೆಲಸ ಬಾಕಿ. ಗಟ್ಟಿಯಾಗಿ ಓದಿದರೆ ಇಬ್ಬರದೂ ಹೊತ್ತು ಹೋಗುತ್ತದೆ ಎಂದುಕೊಂಡೆ. ನನ್ನ ಔದಾರ್ಯಕ್ಕೆ ನಾನೇ ಬೆರಗಾದೆ.

ಆರಿಸಿದ್ದು ‘ಏಳನೇ ಚಂದ್ರನ ಎಂಟನೇ ಯುದ್ಧ’. ಇಂಥ ಕಾದಂಬರಿಗಳ ಪದ್ಧತಿಯಂತೆ ಮೊದಲ ಪುಟದಲ್ಲೇ ನಾಯಕ ಲಾರಿಗೆ ಸಿಕ್ಕಿ ಸಾಯುತ್ತಾನೆ, ಎರಡನೇ ಪುಟದಲ್ಲಿ ಬೇರೆ ಲೋಕದಲ್ಲಿ ರಾಜಕುಮಾರನಾಗಿ ಹುಟ್ಟುತ್ತಾನೆ. ನಾವು ಎರಡನೇ ಪುಟ ಮುಟ್ಟಲಿಲ್ಲ.

"ಬ್ರೇಕ್!" ಎಂದರು ಭಾವ.

ಎಷ್ಟೋ ಕಾಲದ ಮೇಲೆ ನೇರವಾಗಿ ನನಗೇ ಆಡಿದ ಮೊದಲ ಮಾತು ಅದು. ನನ್ನ ಕಾಲು ತಾನಾಗಿಯೇ ನೆಲ ಒತ್ತಿತು.

"ಲಾರಿ ಯಾವ ಕಡೆಯಿಂದ ಬಂತು?"

"ಬರೆದಿಲ್ಲ ಭಾವ."

"ಬರೆದಿಲ್ಲ ಅಂದ್ರೆ? ಸಿಗ್ನಲ್ ಇತ್ತಾ? ಇವನು ದಾಟಿದ್ದು ಪಟ್ಟೆ ಇರೋ ಜಾಗದಲ್ಲಾ?"

"ಅದು ಮುಖ್ಯ ಅಲ್ಲ. ಅವನು ಮುಂದೆ ರಾಜಕುಮಾರ ಆಗ್ತಾನೆ."

"ರಾಜಕುಮಾರ ಆಗ್ಲಿ, ಚಕ್ರವರ್ತಿ ಆಗ್ಲಿ. ತಪ್ಪು ಯಾರದು ಅಂತ ತೀರ್ಮಾನ ಆಗ್ಬೇಕೋ ಬೇಡ್ವೋ? ಆ ಲಾರಿ ಡ್ರೈವರಿಗೆ ಮನೆ ಮಠ ಇಲ್ವಾ?"

ಊಟದ ಹೊತ್ತಿನವರೆಗೆ ಅಪಘಾತದ ತನಿಖೆ ನಡೆಯಿತು. ಕೊನೆಗೆ ತಪ್ಪು ನಾಯಕನದೇ ಎಂದಾಯಿತು, ಅವನು ಫೋನು ನೋಡುತ್ತಾ ರಸ್ತೆಗಿಳಿದಿದ್ದ. ಅಂಥವನ ಪಟ್ಟಾಭಿಷೇಕ ಕೇಳಲು ತಮಗೆ ಆಸಕ್ತಿಯಿಲ್ಲ ಎಂದರು ಭಾವ.

ಗುಂಪಿಗೆ ಬರೆದೆ: "ಏಳನೇ ಚಂದ್ರನ ಎಂಟನೇ ಯುದ್ಧ. ಪುಕ್ಕಟೆ. ಆದರೂ ಬೆಲೆ ಇನ್ನೂ ಸ್ವಲ್ಪ ಇಳಿಸಬಹುದಿತ್ತು."

ಜೂನ್ ೯, ಸೋಮವಾರ

ಇವತ್ತು ಅಂತರಿಕ್ಷ. ತೂಕವಿಲ್ಲದೆ ಎಲ್ಲರೂ ತೇಲುವ ನೌಕೆ.

"ಹಾಗಾದ್ರೆ ಅಲ್ಲಿ ಬೋರಲು, ಅಂಗಾತ ಅನ್ನೋದೇ ಇಲ್ವಾ?" ಎಂದು ಕೇಳಿದರು ಭಾವ.

"ಇಲ್ಲ."

"ಚೆನ್ನಾಗಿದೆ." ಆಮೇಲೆ, "ಆದ್ರೆ ಗುಳ್ಳೆ ಯಾವ ಕಡೆ ಹೋಗ್ಬೇಕು ಅಂತ ಅದಕ್ಕೇ ಗೊತ್ತಾಗಲ್ಲ, ಅಲ್ವಾ?" ಎಂದರು.

ಈ ಪ್ರಶ್ನೆಗೆ ಉತ್ತರ ಕಾದಂಬರಿಯಲ್ಲಿಲ್ಲ. ಹತ್ತು ಅಧ್ಯಾಯ ಕಳೆದರೂ ನೌಕೆಯಲ್ಲಿ ಸಭೆ ಬಿಟ್ಟು ಬೇರೇನೂ ನಡೆಯಲಿಲ್ಲ. ಬಿಟ್ಟೆವು.

ಜೂನ್ ೧೦, ಮಂಗಳವಾರ

ವಿಚಿತ್ರ ನಡೆಯಿತು. ಒಂದು ಒಳ್ಳೆಯ ಕಾದಂಬರಿ ಸಿಕ್ಕಿತು.

ಹೆಸರು ‘ಉಪ್ಪುಗಡಲಿನ ಗಾಡಿ’. ಬರೆದವರು ‘ಮೂರನೇ ಕಿಟಕಿ’ ಎಂದು ಕರೆದುಕೊಂಡಿದ್ದಾರೆ, ಗಂಡೋ ಹೆಣ್ಣೋ ತಿಳಿಯದು. ಕಡಲು ಬತ್ತಿ ಬರೀ ಉಪ್ಪಿನ ಬಯಲಾಗಿದೆ. ಅದರ ಮೇಲೆ ಹಾಯಿ ಕಟ್ಟಿದ ದೊಡ್ಡ ಗಾಡಿಯೊಂದು ಗಾಳಿಗೆ ಓಡುತ್ತದೆ. ಓಡಿಸುವವಳು ಒಬ್ಬ ಅಜ್ಜಿ. ನಿಲ್ಲಿಸಬೇಕಾದಾಗ ಹಗ್ಗ ಕಟ್ಟಿದ ಲಂಗರನ್ನು ಹಿಂದಕ್ಕೆ ಎಸೆದು ಉಪ್ಪಿನಲ್ಲಿ ಉಳುತ್ತಾ ಹೋಗುತ್ತಾಳೆ. ಗಾಡಿಯಲ್ಲಿ ಒಬ್ಬಳೇ ಪ್ರಯಾಣಿಕಳು, ಆಚೆ ದಡದಲ್ಲಿರುವ ತಾಯಿಯ ಹತ್ತಿರ ಹೊರಟ ಪುಟ್ಟ ಹುಡುಗಿ. ಕತ್ತಲಾದರೆ ನಕ್ಷತ್ರಗಳು ಕೆಳಗಿಳಿದು ದನಗಳ ಹಾಗೆ ಉಪ್ಪು ನೆಕ್ಕುತ್ತವೆ.

ಭಾವ ಒಂದು ಸಲವೂ ಬ್ರೇಕ್ ಅನ್ನಲಿಲ್ಲ. ಅಜ್ಜಿ ಲಂಗರು ಎಸೆಯುವ ಮೊದಲು ಹಿಂದೆ ತಿರುಗಿ ನೋಡುವಲ್ಲಿ ಮಾತ್ರ, "ಬರೆದವನಿಗೆ ಗಾಡಿ ಓಡಿಸೋಕೆ ಬರುತ್ತೆ ಕಣೋ" ಎಂದರು.

ನಾನು ಹಾಡಿ ಹೊಗಳುವ ಜಾತಿಯವನಲ್ಲ. ಪರವಾಗಿಲ್ಲ ಅನ್ನಬಹುದು. ಮಧ್ಯಾಹ್ನದ ದೂರುಗಳೆಲ್ಲ ಹಾಗೇ ಉಳಿದಿವೆ.

ಜೂನ್ ೧೨, ಗುರುವಾರ

ಗುಂಪಿಗೆ ಶಿಫಾರಸು ಹಾಕಿದೆ: "ಉಪ್ಪುಗಡಲಿನ ಗಾಡಿ. ಪುಕ್ಕಟೆ. ಮುಗಿದಿದೆ. ಕಣ್ಣು ಮುಚ್ಚಿ ಓದಿ."

ಕತ್ತರಿಗೆ ಜ್ವರವೇ ಎಂದು ಕೇಳಿದರು ಕಪ್ಪುಕುಳಿ ಮೇಡಂ. ಅವರಿಗೆ ಖಗೋಳದ ಕಾದಂಬರಿ ಬಿಟ್ಟರೆ ಬೇರೇನೂ ಒಳಕ್ಕೆ ಇಳಿಯುವುದಿಲ್ಲ, ಹೆಸರೂ ಅದಕ್ಕೇ ಬಂದದ್ದು. ಅವರೂ ಓದಲು ಶುರು ಮಾಡಿದ್ದಾರೆ. ಗುಂಪಿನಲ್ಲಿ ಈಗ ಎಲ್ಲರ ಬಾಯಲ್ಲೂ ಉಪ್ಪು.

ಅಕ್ಕ ಸಂಜೆ ಬಂದು, ಬಾಗಿಲಲ್ಲೇ ನಿಂತು ಒಂದು ಅಧ್ಯಾಯ ಪೂರ್ತಿ ಕೇಳಿದಳು. ಆಮೇಲೆ ಅಡುಗೆಮನೆಗೆ ಹೋಗಿ ಸುಮ್ಮಸುಮ್ಮನೆ ಪಾತ್ರೆ ಸದ್ದು ಮಾಡಿದಳು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಜಗಳವಿಲ್ಲದೆ ಕೂತಿದ್ದು ಅವಳಿಗೆ ಬೇಸರ ತಂದಿರಬೇಕು.

ಜೂನ್ ೧೪, ಶನಿವಾರ

ಮಾನ ಹೋಯಿತು.

ಗಾಡಿ ಮಹಾಕಂದಕದ ಇಳಿಜಾರಿಗೆ ಬಂದಿದೆ. ಅಜ್ಜಿ ಲಂಗರು ಎಸೆಯುತ್ತಾಳೆ. ಹಗ್ಗ ಹರಿಯುತ್ತದೆ. ಗಾಡಿ ಕೆಳಕ್ಕೆ ಓಡತೊಡಗುತ್ತದೆ, ಹುಡುಗಿ ಒಳಗೆ ನಿದ್ದೆ ಮಾಡುತ್ತಿದ್ದಾಳೆ. ನಾನು ಮುಂದಿನ ಪುಟ ಒತ್ತಿದೆ. ಮುಂದಿನ ಪುಟ ಇರಲಿಲ್ಲ. ಲೇಖಕರ ಒಂದು ಸಾಲಿತ್ತು: "ಎರಡನೇ ಸಂಪುಟದ ಮುಂದಿನ ಅಧ್ಯಾಯ ಸದ್ಯದಲ್ಲೇ." ಆ ಸದ್ಯ ಶುರುವಾಗಿ ವರ್ಷಗಳಾಗಿವೆ.

ನಾನು ನೋಡಿ ನಂಬಿದ್ದ ‘ಮುಕ್ತಾಯ’ ಎಂಬ ಹಸಿರು ಗುರುತು ಇದ್ದದ್ದು ಮೊದಲ ಸಂಪುಟಕ್ಕೆ ಮಾತ್ರ. ಶಿಫಾರಸು ಮಾಡುವ ಮೊದಲು ಕೊನೆಯ ಪುಟಕ್ಕೆ ಹೋಗಿ ನೋಡಿ ಎಂದು ಗುಂಪಿನವರ ಕಿವಿ ಹಿಂಡುತ್ತಿದ್ದವನು ನಾನೇ. ಈ ಸಲ ಹೋಗಲಿಲ್ಲ. ಹೋಗಿದ್ದರೆ ಕತೆ ಏನಾಗುತ್ತದೆಂದು ಮೊದಲೇ ಗೊತ್ತಾಗಿಬಿಡುತ್ತಿತ್ತು, ಭಾವನ ಮುಂದೆ ಗೊತ್ತಿಲ್ಲದವನಂತೆ ಓದುವುದು ಕಷ್ಟವಾಗುತ್ತಿತ್ತು.

"ಆಮೇಲೆ?" ಎಂದರು ಭಾವ.

"ಆಮೇಲೆ ಇಲ್ಲ ಭಾವ. ಬರೆದವರು ಕೈಬಿಟ್ಟಿದಾರೆ."

"ಇಳಿಜಾರಲ್ಲಾ?"

"ಇಳಿಜಾರಲ್ಲೇ."

ಕನ್ನಡಿಯಲ್ಲಿ ಅವರ ಕಣ್ಣು ಮುಚ್ಚಿತು. ಆಮೇಲೆ ಊಟಕ್ಕೆ ಕರೆದರೂ ಏಳಲಿಲ್ಲ.

ಗುಂಪಿನಲ್ಲಿ ಹಬ್ಬ. ಡ್ರ್ಯಾಗನ್ ಮೇಷ್ಟ್ರು ಮೂರನೇ ನಿಯಮವನ್ನು ದಪ್ಪ ಅಕ್ಷರದಲ್ಲಿ ನನಗೇ ಕಳಿಸಿದರು. ಮುಂದಿನ ಭಾನುವಾರ ಗಡುವು.

ಜೂನ್ ೧೫, ಭಾನುವಾರ

ಮೂರನೇ ಕಿಟಕಿಗೆ ಪತ್ರ ಬರೆದೆ. ಕಿಟಕಿ ತೆರೆಯಲಿಲ್ಲ. ಗುಂಪು ಬಿಟ್ಟು ಹೋಗೋಣವೆಂದರೆ ಅದನ್ನು ಕಟ್ಟಿದವನೇ ನಾನು.

ಜೂನ್ ೧೬, ಸೋಮವಾರ

ಬೆಳಿಗ್ಗೆ ಭಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಪರದೆಯ ಒಂದು ಮೂಲೆ ಇನ್ನೂ ಕೂತಿಲ್ಲವಂತೆ. ಇನ್ನೊಂದು ವಾರ ಹೀಗೇ ಬೋರಲು. ಕೂತರೆ ಕೂತಿತು, ಇಲ್ಲದಿದ್ದರೆ ಮತ್ತೆ ಆಪರೇಷನ್, ಅದಕ್ಕೂ ಭರವಸೆ ಕೊಡಲಾಗದು ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ಅಕ್ಕ ವಿದ್ಯಾರ್ಥಿಗಳ ಕಡೆ ಓಡಿದಳು.

ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಭಾವ ಎದ್ದು ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಕಣ್ಣಿಗೆ ಪಟ್ಟಿ. ಕೆನ್ನೆಯ ಮೇಲೆ ದಿಂಬಿನ ಗುರುತು.

"ಮಲಗಿ ಭಾವ."

"ಸಾಕು."

"ಡಾಕ್ಟರು ಹೇಳಿದಾರಲ್ಲ."

"ಭರವಸೆ ಇಲ್ಲ ಅಂತಲೂ ಅವರೇ ಹೇಳಿದಾರೆ. ಈ ನೆಲದ ಒಂದೊಂದು ಬಿರುಕೂ ನನಗೆ ಬಾಯಿಪಾಠ ಆಗಿದೆ ಕಣೋ. ಇಷ್ಟೆಲ್ಲಾ ಮಾಡಿ ಕಣ್ಣು ಹೋಗೋದೇ ಆದ್ರೆ, ಮನುಷ್ಯನ ಹಾಗೆ ಕೂತ್ಕೊಂಡಿದ್ದಾಗ ಹೋಗ್ಲಿ."

"ಅಕ್ಕನಿಗೆ ಫೋನ್ ಮಾಡ್ತೀನಿ."

"ಮಾಡು. ಅವಳು ಕಾರಲ್ಲಿದ್ದಾಳೆ, ಪಕ್ಕದಲ್ಲಿ ಹೊಸಬ ಓಡಿಸ್ತಾ ಇದಾನೆ. ಗಾಬರಿಯಾಗಿ ಏನಾದ್ರೂ ಮಾಡ್ಕೊಳ್ಳಲಿ."

ನನಗೆ ಹೆದರಿಕೆಯಾಯಿತು. ಇಲ್ಲಿ ಬರೆಯಲು ಏನಡ್ಡಿ, ಯಾರೂ ಓದುವುದಿಲ್ಲ. ಆ ಮನುಷ್ಯ ಕೂತಿದ್ದಷ್ಟು ಹೊತ್ತೂ ಗುಳ್ಳೆ ಪರದೆ ಬಿಟ್ಟು ಬೇರೆಲ್ಲೋ ತೇಲುತ್ತಿದೆ ಎನ್ನುವುದೊಂದೇ ತಲೆಯಲ್ಲಿ. ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಗಾಡಿ ಸಿಕ್ತು ಭಾವ."

"ಯಾವ ಗಾಡಿ?"

"ಉಪ್ಪುಗಡಲಿನ ಗಾಡಿ. ಉಳಿದ ಅಧ್ಯಾಯ ಬರೆದವರು ಬೇರೆ ಕಡೆ ಹಾಕಿದಾರೆ. ಮಲಗಿದ್ರೆ ಓದ್ತೀನಿ."

ಅವರು ನನ್ನನ್ನೇ ನೋಡಿದರು. ಮಂದಗಣ್ಣಿನ ನೋಟವಾದರೂ ಬೆವರಿಳಿಯಿತು. ಆಮೇಲೆ ನಿಧಾನಕ್ಕೆ ಬೋರಲಾದರು.

ಫೋನು ತೆಗೆದೆ. ಪರದೆಯ ಮೇಲಿದ್ದದ್ದು ಯಾರೋ ಗಿರಾಕಿಯ ದೂರು: "ಬಟ್ಟೆ ಹಿಂಡುವಾಗ ನಿಮ್ಮ ಯಂತ್ರ ಗಡಗಡ ನಡುಗುತ್ತಾ ಕೋಣೆಯ ಆಚೆ ಮೂಲೆಗೆ ನಡೆದು ಹೋಗುತ್ತದೆ." ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: "ಗಾಡಿ ಗಡಗಡ ನಡುಗುತ್ತಾ ಕಂದಕದ ಮೂಲೆಯ ಕಡೆಗೆ ಓಡತೊಡಗಿತು..."

ದೂರು ಮುಗಿದ ಮೇಲೂ ನಾನು ಓದುತ್ತಲೇ ಇದ್ದೆ.

ಜೂನ್ ೧೭, ಮಂಗಳವಾರ

ಸುಳ್ಳು ಹೇಳುವುದು ಸುಲಭ, ಅದಕ್ಕೆ ಎರಡನೇ ಅಧ್ಯಾಯ ಹುಟ್ಟಿಸುವುದು ಕಷ್ಟ. ತಿಂಡಿಗೆ ಮೊದಲು ಬಚ್ಚಲಲ್ಲಿ ಕೂತು ಯೋಚಿಸಿದೆ. ಅಕ್ಕ ಬಾಗಿಲು ಬಡಿದು, ಹೊಟ್ಟೆ ಕೆಟ್ಟಿದೆಯಾ ಎಂದು ಕೇಳಿದಳು.

ಅಜ್ಜಿ ಹುಡುಗಿಯನ್ನು ಅವುಚಿಕೊಂಡು ಗಾಡಿಯಿಂದ ಹಾರುತ್ತಾಳೆ ಎಂದು ಓದಿದೆ.

"ಬ್ರೇಕ್! ಬ್ರೇಕ್ ಹೋದ್ರೆ ಯಾರೂ ಹಾರಲ್ಲ," ಎಂದರು ಭಾವ. "ಹಾರಿದೋರು ಉಳಿಯಲ್ಲ. ಮೊದಲು ಗೇರ್ ಇಳಿಸ್ಬೇಕು."

"ಹಾಯಿಗಾಡಿಗೆ ಗೇರ್ ಇರಲ್ಲ ಭಾವ."

"ಹಾಯಿ ಇದೆಯಲ್ಲ. ಗಾಳಿಗೆ ಅಡ್ಡ ತಿರುಗಿಸಲಿ. ಇಳಿಜಾರಲ್ಲಿ ಎದುರುಗಾಳಿಯೇ ತಡೆಯುತ್ತೆ. ಮುಂದಿನ ಪುಟ ನೋಡು, ಹಾಗೇ ಬರೆದಿರ್ತಾನೆ. ಅವನಿಗೆ ಗೊತ್ತಿರೋದು."

ಮುಂದಿನ ಪುಟ ನೋಡುವಂತೆ ನಟಿಸಿದೆ. ಹಾಗೇ ಬರೆದಿತ್ತು. ಹಾರಿದ್ದು ಅಜ್ಜಿಗೆ ಬಿದ್ದ ಕನಸಾಗಿತ್ತು. ಇಷ್ಟು ಕಳಪೆ ತೇಪೆಯನ್ನು ಬೇರೆ ಯಾರಾದರೂ ಹಾಕಿದ್ದರೆ ಗುಂಪಿನಲ್ಲಿ ಅವರನ್ನು ಹುರಿದು ಮುಕ್ಕುತ್ತಿದ್ದೆ.

ಜೂನ್ ೧೯, ಗುರುವಾರ

ಆಫೀಸಿನ ಮೇಲ್ವಿಚಾರಕಿ ಫೋನು ಮಾಡಿದ್ದರು. ಯಂತ್ರ ನಡೆದು ಹೋಗುತ್ತದೆ ಎಂದು ಬರೆದ ಗಿರಾಕಿಗೆ ನಾನು, "ಹೆದರಬೇಡಿ, ಕೆಳಗೆ ಒಂದು ಕಾಲು ಗಿಡ್ಡವಾಗಿರುತ್ತದೆ, ತಿರುಗಿಸಿ ಸಮ ಮಾಡಿ, ಆಗದಿದ್ದರೆ ನನಗೇ ಬರೆಯಿರಿ" ಎಂದು ಉತ್ತರಿಸಿದ್ದೆನಂತೆ. ವಿಷಾದಿಸುವುದನ್ನು ಬಿಟ್ಟು ಸಹಾಯ ಮಾಡಲು ನನಗೆ ಹೇಳಿದವರು ಯಾರು ಎಂದು ಕೇಳಿದರು. ಕೆಲಸದ ಒತ್ತಡದಲ್ಲಿ ತಪ್ಪಾಗಿರಬೇಕು.

ಅಕ್ಕ, "ನಮ್ಮ ಒಬ್ಬಳು ವಿದ್ಯಾರ್ಥಿನಿ ನರ್ಸು ಕಣೋ. ನಾಳೆಯಿಂದ ಹಗಲು ಬಂದು ಕೂರ್ತಾಳಂತೆ. ನೀನು ಮನೆಗೆ ಹೋಗು, ಸಾಕಾಗಿರುತ್ತೆ," ಎಂದಳು.

ಬೇಡ ಎಂದೆ. ಇಲ್ಲಿ ಇಂಟರ್ನೆಟ್ ಚೆನ್ನಾಗಿದೆ. ಅಲ್ಲದೆ ಗುಂಪಿನ ದಂಡ ಕಟ್ಟಬೇಕು, ಅಂತ್ಯ ಹೇಗೂ ಬರೆಯಲೇಬೇಕಲ್ಲ. ಭಾವನಿಗೂ ಇದಕ್ಕೂ ಸಂಬಂಧವಿಲ್ಲ.

ನರ್ಸಿಗೆ ಕತೆ ಓದಲು ಬರುತ್ತದೋ ಇಲ್ಲವೋ.

ಜೂನ್ ೨೧, ಶನಿವಾರ

ಇಳಿಜಾರಿನ ಕಡಿದಾದ ಭಾಗ ಇವತ್ತಿನ ಪಾಲಿಗೆ ಇತ್ತು. ನಿನ್ನೆಯಿಡೀ ಮನಸ್ಸಿನಲ್ಲೇ ಬರೆದು ಇಟ್ಟುಕೊಂಡಿದ್ದೆ. ಗಾಳಿ ಊಳಿಡುತ್ತಿದೆ. ಎದುರಿಗೆ ಕಂದಕದ ಬಾಯಿ. ಹಾಯಿ ಹರಿಯುವ ಸದ್ದು. ಹುಡುಗಿಗೆ ಎಚ್ಚರವಾಗುತ್ತದೆ. ಅಜ್ಜಿ ಚುಕ್ಕಾಣಿಯನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚುತ್ತಾಳೆ.

"ಬ್ರೇಕ್," ಎಂದರು ಭಾವ. ಈ ಸಲ ಮೆಲ್ಲಗೆ.

"ಏನು ಭಾವ?"

"ಕಣ್ಣು ಮುಚ್ಕೊಂಡು ಫೋನ್ ಓದೋ ವಿದ್ಯೆ ಯಾವಾಗ ಕಲಿತೆ?"

ನೆಲದ ಕನ್ನಡಿ ಮರೆತೇ ಹೋಗಿತ್ತು. ಅದರಲ್ಲಿ ಅವರ ಕಣ್ಣು ನನ್ನನ್ನೇ ನೋಡುತ್ತಿತ್ತು.

"ನೀನು ಮುಚ್ಚೋದಲ್ದೆ ಆ ಅಜ್ಜಿಗೂ ಅದೇ ಚಾಳಿ ಕಲಿಸಿದೀಯ. ಹುಟ್ಟಿದಾಗಿಂದ ಗಾಡಿ ಓಡಿಸಿದೋಳು ಅವಳು. ಎದುರಿಗೆ ಸಾವು ಬಂದ್ರೂ ಕಣ್ಣು ಬಿಟ್ಕೊಂಡೇ ಇರ್ತಾಳೆ. ಬಸ್ಸು ಬಂದ್ರೆ ಕಣ್ಣು ಮುಚ್ಚೋನು ನನಗೆ ಗೊತ್ತಿರೋ ಹಾಗೆ ಪ್ರಪಂಚದಲ್ಲಿ ಒಬ್ನೇ."

"ಯಾವಾಗಿಂದ ಗೊತ್ತು?"

"ಅಜ್ಜಿ ಹಾರಿದಾಗಿಂದ."

"ಮತ್ತೆ ಸುಮ್ಮನಿದ್ರಲ್ಲ?"

ಅವರು ದಿಂಬಿನಲ್ಲಿ ಮುಖ ಸರಿಮಾಡಿಕೊಂಡರು.

"ಓಡಿಸೋನ ಮಧ್ಯೆ ಮಧ್ಯೆ ಕಲಿಸೋನು ಬ್ರೇಕ್ ಒತ್ತಿದ್ರೆ, ಓಡಿಸೋನು ಕೈ ಬಿಡ್ತಾನೆ. ನಿನ್ನ ವಿಷಯದಲ್ಲಿ ಅದು ನನಗೆ ತಡವಾಗಿ ಗೊತ್ತಾಯ್ತು," ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಈಗ ಮುಂದೆ ಹೇಳು. ಕಣ್ಣು ಬಿಟ್ಕೊಂಡು ಓಡ್ಸು. ಎಡಕ್ಕೆ ಉಪ್ಪಿನ ದಿಬ್ಬ ಇದೆ ಅಂತ ನಿನ್ನೆ ನೀನೇ ಹೇಳಿದೀಯಲ್ಲ, ಗಾಡಿ ಪಕ್ಕೆ ಅದಕ್ಕೆ ತಾಗಿಸು. ಒಂದೇ ಸಲ ಅಲ್ಲ. ಸವರಿಕೊಂಡು, ಸವರಿಕೊಂಡು."

ಫೋನು ಕೆಳಗಿಟ್ಟೆ. ಕನ್ನಡಿ ನೋಡಿಕೊಂಡೇ ಹೇಳಿದೆ. ಗಾಡಿ ನಿಲ್ಲುವ ಹೊತ್ತಿಗೆ ಇಬ್ಬರ ಧ್ವನಿಯೂ ಬಿದ್ದು ಹೋಗಿತ್ತು. ಅಕ್ಕ ಬಂದು, ನೀವಿಬ್ಬರೂ ಜಗಳ ಆಡಿದ್ರಾ ಎಂದು ಕೇಳಿದಳು.

ಜೂನ್ ೨೨, ಭಾನುವಾರ

ದಂಡ ಕಟ್ಟಿದೆ. ಗುಂಪಿನಲ್ಲಿ ಹಾಕಿದ ಕೊನೆಯ ಸಾಲುಗಳು ಇವು:

"ಗಾಡಿ ದಿಬ್ಬಕ್ಕೆ ಒರಗಿ, ಉಪ್ಪಿನ ಧೂಳೆಬ್ಬಿಸುತ್ತಾ, ಕಂದಕದ ಅಂಚಿಗೆ ಬಂದು ನಿಂತಿತು. ಹುಡುಗಿ ಹೊರಗೆ ಇಣುಕಿ, ‘ಊರು ಬಂತಾ?’ ಎಂದಳು. ‘ಇಲ್ಲ ಮಗಾ,’ ಎಂದಳು ಅಜ್ಜಿ, ‘ಇಳಿ. ಇನ್ನು ಸ್ವಲ್ಪ ದೂರ ಇಬ್ಬರೂ ತಳ್ಳಬೇಕು.’"

ಡ್ರ್ಯಾಗನ್ ಮೇಷ್ಟ್ರು ಬರೆದರು: "ಡ್ರ್ಯಾಗನ್ ಇಲ್ಲ. ಆದರೂ ಪೂರ್ತಿ ಓದಿದೆ." ಕಪ್ಪುಕುಳಿ ಮೇಡಂ ಬರೆದರು: "ದಂಡವನ್ನು ಇಷ್ಟು ಚೆನ್ನಾಗಿ ಕಟ್ಟಬಾರದು ಕತ್ತರಿಯವರೇ, ಆಮೇಲೆ ನಿಯಮಕ್ಕೆ ಮರ್ಯಾದೆ ಇರುವುದಿಲ್ಲ. ಕಣ್ಣು ಒರೆಸಿಕೊಂಡು ಹೇಳುತ್ತಿದ್ದೇನೆ." ಇವರಿಗೆಲ್ಲ ಅಭಿರುಚಿ ಕೆಟ್ಟಿದೆ. ಆದರೂ ಮತ್ತೊಮ್ಮೆ ಓದಿದೆ, ಅವರು ಬರೆದದ್ದನ್ನು.

ಬ್ರೇಕಿನ ತಾಂತ್ರಿಕ ಸಲಹೆ ಭಾವನದು ಎಂದು ಕೆಳಗೆ ಹಾಕಿದ್ದೆ. ಅವರಿಗೆ ಹೇಳಿದೆ. "ನನ್ನ ಹೆಸರು ಯಾಕೋ ಹಾಕಿದೆ," ಎಂದು ಗೊಣಗಿದರು. ಆಮೇಲೆ ಅಕ್ಕನಿಗೆ ನನ್ನ ಫೋನು ಕೊಡಿಸಿ, ಅದನ್ನು ಗಟ್ಟಿಯಾಗಿ ಓದಿಸಿದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ.

ಜೂನ್ ೨೩, ಸೋಮವಾರ

ಮೂಲೆ ಕೂತಿದೆ. ಡಾಕ್ಟರು ನೋಡಿ, "ಚೆನ್ನಾಗಿ ಮಲಗಿದೀರಿ" ಎಂದರು, ಅದೇನೋ ಸಾಧನೆ ಎಂಬಂತೆ. ಭಾವ, "ನಾನಲ್ಲ, ಇವನು ಮಲಗಿಸಿದ್ದು" ಎಂದರು. ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ನಾನೂ ಮೂಗು ಒರೆಸಿಕೊಂಡೆ. ಆಸ್ಪತ್ರೆಯಲ್ಲಿ ಫಿನಾಯಿಲ್ ಜಾಸ್ತಿ ಹಾಕುತ್ತಾರೆ.

ಗುಳ್ಳೆ ಪೂರ್ತಿ ಕರಗಿದ ಮೇಲೆಯೇ ನೋಟ ಎಷ್ಟು ಬಂದಿದೆ ಎಂದು ತಿಳಿಯುವುದು. ಅಲ್ಲಿಯವರೆಗೆ ಕಲಿಸುವ ಸೀಟಿನಲ್ಲಿ ಕೂರುವಂತಿಲ್ಲ.

ಸಂಜೆ ಮನೆಗೆ ಹೊರಡಲು ಬ್ಯಾಗು ತುಂಬಿದೆ. ಭಾವ ಅಕ್ಕನಿಗೆ, "ಅವನ ಕೈಲಿ ಕಲಿಯೋರ ಲೈಸೆನ್ಸಿಗೆ ಅರ್ಜಿ ಹಾಕ್ಸು" ಎಂದರು. ಮತ್ತೆ ಅಕ್ಕನ ಮೂಲಕ ಮಾತು. ಹಳೆಯ ಚಾಳಿ ಎಲ್ಲಿ ಹೋಗುತ್ತದೆ. ಬ್ಯಾಗು ಬಿಚ್ಚಿದೆ, ಹೇಗೂ ಕತ್ತಲಾಗಿತ್ತು.

ಆಗಸ್ಟ್ ೧೦, ಭಾನುವಾರ

ಬಹಳ ದಿನ ಬರೆದಿರಲಿಲ್ಲ. ಬರೆಯಲು ಬೇರೆ ಕಡೆ ಕೆಲಸವಿದೆ. ಅಜ್ಜಿ ಮತ್ತು ಹುಡುಗಿ ಗಾಡಿ ತಳ್ಳಿಕೊಂಡು ಕಂದಕದ ಆಚೆ ಹೋಗುವುದನ್ನು ಗುಂಪಿನವರು ಕೇಳುತ್ತಿದ್ದಾರೆ. ಎರಡನೇ ನಿಯಮ ಅಡ್ಡ ಬರುತ್ತದೆ ಎಂದರೆ, ನೀನು ಹೊಗಳಿಕೊಳ್ಳಬೇಡ, ನಾವು ಹೊಗಳುತ್ತೇವೆ ಎನ್ನುತ್ತಾರೆ. ಪುಕ್ಕಟೆ ಸಿಕ್ಕಿದರೆ ಇವರು ಏನನ್ನೂ ಬಿಡುವುದಿಲ್ಲ.

ಭಾವನ ಗುಳ್ಳೆ ಕರಗಿದೆ. ಹೋದ ವಾರ ಡಾಕ್ಟರು ಕಲಿಸಲು ಒಪ್ಪಿಗೆ ಕೊಟ್ಟರು. ಇವತ್ತು ಮೈದಾನದಲ್ಲಿ ಎಡಗಣ್ಣು ಕೈಯಿಂದ ಮುಚ್ಚಿ, ಬಲಗಣ್ಣೊಂದರಲ್ಲೇ ಆಚೆ ತುದಿಯ ಸ್ಕೂಟರಿನ ನಂಬರು ಓದಿ ಹೇಳಿದರು. ಅಕ್ಕ ಓಡಿ ಹೋಗಿ ನೋಡಿ, ಸರಿ ಎಂದು ಅಲ್ಲಿಂದಲೇ ಕೂಗಿದಳು. ಅವಳು ಹೆಂಗಸರ ಬ್ಯಾಚನ್ನು ಬಿಟ್ಟುಕೊಡುವುದಿಲ್ಲವಂತೆ, ಭಾವ ತಕರಾರು ಮಾಡಲಿಲ್ಲ.

ಅವರ ಮೊದಲ ವಿದ್ಯಾರ್ಥಿ ನಾನು. ಬೇರೆ ಯಾರೂ ಸಿಗಲಿಲ್ಲವೇನೋ. ಹತ್ತಿ ಕೂತು, ಕನ್ನಡಿ ಸರಿಮಾಡಿ, ಹೊರಟೆ. ತಿರುವಿನಲ್ಲಿ ಅದೇ ಸ್ಕೂಟರು ಧುತ್ತೆಂದು ಎದುರಿಗೆ ಬಂತು. ಹಸಿರು ಬಣ್ಣದ್ದು, ಮುಂದಿನ ದೀಪ ಒಡೆದಿತ್ತು, ಓಡಿಸುತ್ತಿದ್ದ ಹೆಂಗಸಿನ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಹಾರಾಡುತ್ತಿತ್ತು. ಕಾರನ್ನು ಪಕ್ಕಕ್ಕೆ ಎಳೆದು, ಮೆಲ್ಲಗೆ ನಿಲ್ಲಿಸಿ, ಅವಳು ಹೋದ ಮೇಲೆ ಮುಂದೆ ಹೊರಟೆ. ಭಾವ ಕಿಟಕಿಯಾಚೆ ನೋಡುತ್ತಾ ಕೂತಿದ್ದರು.

ಇಡೀ ಮೈದಾನ ಸುತ್ತಿ ಬಂದರೂ ಅವರು ತಮ್ಮ ಕಡೆಯ ಬ್ರೇಕ್ ಒಂದು ಸಲವೂ ಒತ್ತಲಿಲ್ಲ. ಅಕ್ಕ ಇಷ್ಟು ದಿನ ಒತ್ತಿ ಒತ್ತಿ ಅದು ಕೆಟ್ಟಿರಬೇಕು. ನಾಳೆ ಮರೆಯದೆ ಅಕ್ಕನಿಗೆ ಹೇಳಿ ರಿಪೇರಿ ಮಾಡಿಸಬೇಕು.